ಕೆಳನೀರಿನ ಬಾಗಿಲು ತೆರೆಸಿದ ಲತಾಮಣಿಯವರು

ಕರಾವಳಿಯ ಅಳಿವೆಗಳನ್ನೂ ಹಿನ್ನೀರುಗಳನ್ನೂ ಅಭ್ಯಾಸ ಮಾಡಿದವರು ನಮ್ಮ ನಾಡಿನಲ್ಲಿ ಅನೇಕರಿದ್ದಾರೆ. ಒಳನಾಡಿನ ಕೆರೆಗಳ ಹೂಳನ್ನು ಅಳೆದವರೂ ಏರಿಗಳ ಚರಿತ್ರೆ ಬರೆದವರೂ ಇದ್ದಾರೆ. ಆದರೆ ಅಳಿವೆಯಲ್ಲಿ ಕಲಿತದ್ದನ್ನು ಹೊತ್ತುಕೊಂಡು ಘಟ್ಟ ಹತ್ತಿ ಬಂದು, ಹಳೇಬೀಡಿನ ಸೀಮೆಯ ಒಂದು ಕೆರೆಯ ದಡದಲ್ಲಿ ಕುಳಿತು, ಈ ನೀರು ಒಳಗೊಳಗೇ ಹೇಗೆ ತಿರುಗುತ್ತದೆ, ತಳಕ್ಕೆ ಬಿದ್ದ ಎಲೆ, ಸಗಣಿ, ಸತ್ತ ಮೀನು ಯಾವ ದಾರಿಯಿಂದ ಮತ್ತೆ ಪೈರಾಗಿ ಮೇಲೆ ಬರುತ್ತದೆ ಎಂದು ಕೇಳಿಕೊಂಡವರು ವಿರಳ. ಪ್ರೊಫೆಸರ್ ಲತಾಮಣಿಯವರು ಆ ವಿರಳರಲ್ಲಿ ಒಬ್ಬರು. ಅರಸೀಕೆರೆಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿ ಈಗ ನಿವೃತ್ತರಾಗುತ್ತಿರುವ ಅವರ ಪಾಂಡಿತ್ಯವನ್ನು ಈ ಸಂಪುಟದ ಬೇರೆ ಲೇಖನಗಳು ಸಾಕಷ್ಟು ಹೇಳಿವೆ. ಈ ಲೇಖನ ಅವರ ಸೇವೆಯ ಹಾದಿಯಲ್ಲಿ ಸ್ವಲ್ಪ ದೂರ ನಡೆದು, ಒಂದು ಕೆರೆಯ ಬಳಿ ನಿಂತುಬಿಡುತ್ತದೆ.

ಅವರೊಡನೆ ಪ್ರವಾಸ ಹೋದ ವಿದ್ಯಾರ್ಥಿಗಳಿಗೆಲ್ಲ ಒಂದು ಸಂಗತಿ ಗೊತ್ತು. ನಿಂತ ನೀರಿಗೆ ಅವರು ಎಂದೂ ಬೆನ್ನು ಕೊಟ್ಟು ನಿಲ್ಲುವುದಿಲ್ಲ. ಫೋಟೋ ತೆಗೆಯುವಾಗಲೂ ಅಷ್ಟೆ: ಎಲ್ಲರೂ ಕ್ಯಾಮೆರಾ ನೋಡುತ್ತಿದ್ದರೆ ಅವರೊಬ್ಬರು ಕೆರೆಯ ಕಡೆ ಅರ್ಧ ತಿರುಗಿರುತ್ತಾರೆ. ಮನೆಗೆ ಬಂದ ಅತಿಥಿ ಇನ್ನೂ ಮಾತು ಮುಗಿಸಿಲ್ಲವೇನೋ ಎಂಬಂತೆ ಅವರ ಕಣ್ಣು ನೀರಿನ ಮೇಲೇ ಇರುತ್ತದೆ.

ಲತಾಮಣಿಯವರು ಬೆಳೆದದ್ದು ಅರಸೀಕೆರೆ ಜಂಕ್ಷನ್ನಿನ ರೈಲ್ವೆ ವಸತಿಯಲ್ಲಿ. ತಂದೆ ಹಳಿ ಬದಲಿಸುವ ಕೆಲಸದಲ್ಲಿದ್ದರು. ತಂದೆಯ ಕಾಲದಲ್ಲೇ ಮನೆತನ ಬೌದ್ಧ ಧರ್ಮವನ್ನು ಸ್ವೀಕರಿಸಿತ್ತು. ಹಗರೆಯಲ್ಲಿದ್ದ ಅಜ್ಜಿ ಮಾತ್ರ ತಮ್ಮ ಹರೆಯದ ದಿನಗಳನ್ನು ಮೊಮ್ಮಗಳಿಗೆ ಹೇಳುತ್ತಿದ್ದರು: ಕೆರೆಯ ಮೆಟ್ಟಿಲು ಇಳಿಯುವಂತಿರಲಿಲ್ಲ, ಯಾರಾದರೂ ಕೊಡಕ್ಕೆ ಎತ್ತಿ ಹುಯ್ಯುವ ತನಕ ಏರಿಯ ಮೇಲೆ ನಿಂತು ನೀರನ್ನು ನೋಡುತ್ತಿರಬೇಕಿತ್ತು. "ಮುಟ್ಟೋ ಹಂಗಿರಲಿಲ್ಲ, ನೋಡೋಕೆ ಯಾರೂ ಬ್ಯಾಡ ಅನ್ನಲಿಲ್ಲ. ನೋಡೀ ನೋಡೀ ನೀರಿನ ಮನಸು ಗೊತ್ತಾಗ್ಬುಡ್ತು ಕಣೇ" ಎಂದು ಅಜ್ಜಿ ನಗುತ್ತಿದ್ದರಂತೆ. ಆ ನಗುವನ್ನು ಮೊಮ್ಮಗಳು ಮರೆಯಲಿಲ್ಲ.

ಸ್ನಾತಕೋತ್ತರ ಪದವಿಯ ಪ್ರಬಂಧಕ್ಕಾಗಿ ಅವರು ಉತ್ತರ ಕನ್ನಡದ ಒಂದು ಪುಟ್ಟ ಅಳಿವೆಯಲ್ಲಿ ಕೆಲಸ ಮಾಡಿದರು. ನದಿ ಕಡಲನ್ನು ಸೇರುವ ಇಕ್ಕಟ್ಟಾದ ಬಾಯಲ್ಲಿ ದೋಣಿ ನಿಲ್ಲಿಸಿ, ಹಗ್ಗಕ್ಕೆ ತೂಕದ ಶೀಸೆ ಕಟ್ಟಿ, ಬೇರೆ ಬೇರೆ ಆಳದ ನೀರನ್ನು ಮೇಲಕ್ಕೆತ್ತಬೇಕಿತ್ತು. ಮೊದಲ ದಿನ ಮೇಲಿನ ನೀರು ನೊರೆಯನ್ನೂ ತೆಂಗಿನ ಸಿಪ್ಪೆಗಳನ್ನೂ ಹೊತ್ತು ಸಮುದ್ರದ ಕಡೆಗೆ ಸಾಗುತ್ತಿತ್ತು. ಅವರು ಬಿಟ್ಟ ಹಗ್ಗ ಮಾತ್ರ ನೆಟ್ಟಗೆ ಇಳಿಯಲಿಲ್ಲ. ಯಾರೋ ತಳದಲ್ಲಿ ಹಿಡಿದು ಊರಿನ ಕಡೆಗೆ ಎಳೆಯುತ್ತಿರುವಂತೆ ಓರೆಯಾಗಿ, ಅಂಗೈಯಲ್ಲಿ ಬಿಗಿಯಾಗಿ ಜಗ್ಗತೊಡಗಿತು. ಬೆಚ್ಚಿದ ಹುಡುಗಿಯನ್ನು ನೋಡಿ ದೋಣಿಯವನು, "ಹೆದರಬೇಡಿ ಬಾಯೋರೆ, ಮೇಲಿನ ನೀರು ಹೋಗ್ತದೆ, ಕೆಳಗಿನ ನೀರು ಬರ್ತದೆ. ಎರಡಕ್ಕೂ ಮಾತಿಲ್ಲ" ಎಂದನಂತೆ.

ನದಿಯ ಸಿಹಿನೀರು ಹಗುರ, ಕಡಲಿನ ಉಪ್ಪುನೀರು ಭಾರ. ಹಗುರವಾದದ್ದು ಮೇಲೆ ಹೊರಕ್ಕೆ, ಭಾರವಾದದ್ದು ಕೆಳಗೆ ಒಳಕ್ಕೆ. ಮೇಲೆ ಬದುಕಿದ್ದು ಸತ್ತು ಕೆಳಕ್ಕಿಳಿದರೆ ಕೆಳನೀರು ಅದನ್ನು ಮತ್ತೆ ಒಳಗೆ ತರುತ್ತದೆ, ಕೊಳೆಸುತ್ತದೆ, ಅದರ ಸಾರ ಪಾಚಿಗೂ ಮೀನಿಗೂ ಆಹಾರವಾಗುತ್ತದೆ. ಅಳಿವೆ ತನ್ನ ಸತ್ತವರನ್ನು ಅಷ್ಟು ಸುಲಭವಾಗಿ ಸಮುದ್ರಕ್ಕೆ ಬಿಟ್ಟುಕೊಡುವುದಿಲ್ಲ ಎಂದು ಲತಾಮಣಿಯವರು ತರಗತಿಯಲ್ಲಿ ಹೇಳುವಾಗ ಹಿಂದಿನ ಬೆಂಚಿನ ಪಿಸುಮಾತೂ ನಿಂತುಹೋಗುತ್ತಿತ್ತು. ವಿಜ್ಞಾನದ ಪಾಠ ಅದು. ಆದರೂ ಬೇಸಿಗೆಯ ಮಧ್ಯಾಹ್ನದಲ್ಲಿ ಬೆನ್ನು ತಣ್ಣಗಾಗುತ್ತಿತ್ತು.

ಅಧ್ಯಾಪಕಿಯಾಗಿ ಅವರು ಮಾಡಿದ ಉಪಕಾರಗಳು ಸದ್ದಿಲ್ಲದವು. ಜಾವಗಲ್ ಕಡೆಯಿಂದ ಮಳೆಯಲ್ಲಿ ಬಸ್ಸಿಗೆ ಕಾದು ನೆನೆದು ಬರುವ ಹುಡುಗಿಯರಿಗಾಗಿ ಪ್ರಯೋಗಾಲಯದ ಬೀರುವಿನಲ್ಲಿ, ಕಪ್ಪೆಯ ಅಸ್ಥಿಪಂಜರದ ಪಕ್ಕದಲ್ಲೇ, ಒಗೆದು ಮಡಿಸಿದ ಸೀರೆಗಳಿರುತ್ತಿದ್ದವು. ಕೊಬ್ಬರಿ ಸುಲಿಯುವ ಕಾಲದಲ್ಲಿ ಕೂಲಿಗೆ ಹೋಗಿ ಪ್ರಯೋಗ ತಪ್ಪಿಸಿಕೊಂಡವರಿಗೆ ಭಾನುವಾರ ಬಾಗಿಲು ತೆರೆದು ಮತ್ತೊಮ್ಮೆ ಮಾಡಿಸುತ್ತಿದ್ದರು. ಒಂದು ವಿಷಯದಲ್ಲಿ ಮಾತ್ರ ಅವರು ಕಠಿಣ. ನೋಡದೆ ಬರೆದ ಉತ್ತರಕ್ಕೆ ಅವರಲ್ಲಿ ಕ್ಷಮೆಯಿರಲಿಲ್ಲ. "ಗೊತ್ತಿಲ್ಲ ಅಂತ ಬರಿ, ಅರ್ಧ ಅಂಕ ಕೊಡ್ತೀನಿ. ಗೊತ್ತಿದೆ ಅಂತ ನಟಿಸಿದ್ರೆ ಸೊನ್ನೆ" ಎನ್ನುತ್ತಿದ್ದರು. ಆ ಅರ್ಧ ಅಂಕದಿಂದ ಪಾಸಾದವರು ಈ ಸಂಪುಟದಲ್ಲೂ ಬರೆದಿದ್ದಾರೆ.

ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ಅವರ ಭಾನುವಾರಗಳನ್ನೆಲ್ಲ ಅಕ್ಕ-ತಂಗಿ ಕೆರೆ ನುಂಗಿತು. ಹಗರೆಯಿಂದ ಹಳೇಬೀಡಿನ ಕಡೆಗೆ ಒಳರಸ್ತೆಯಲ್ಲಿ ಸಿಗುವ ತೂಬಿನಹಳ್ಳಿಯ ಕೆರೆ ಅದು. ಅಷ್ಟೇನೂ ದೊಡ್ಡದಲ್ಲ, ಆದರೆ ಏರಿಯ ಬುಡದಲ್ಲಿ, ಕಲ್ಲಿನ ತೂಬಿನ ಮುಂದೆ, ಗಾಳಿ ತಾಗದ ಒಂದು ಆಳವಾದ ಮಡುವಿದೆ. ಪತಿ ಭೀಮರಾಜ್ ರೈಲ್ವೆಯಲ್ಲಿ ಟಿಕೆಟ್ ಕೊಡುವವರು. ರಜೆಯ ದಿನ ಹಗ್ಗದ ಸುರುಳಿ ಹೊತ್ತು ಹೆಂಡತಿಯ ಹಿಂದೆ ಬರುತ್ತಿದ್ದರು. "ಆರು ದಿನ ಜನರನ್ನ ಊರಿಗೆ ಕಳಿಸ್ತೀನಿ, ಏಳನೇ ದಿನ ತಟ್ಟೇನ ಪಾತಾಳಕ್ಕೆ ಕಳಿಸ್ತೀನಿ" ಎನ್ನುವುದು ಅವರ ತಮಾಷೆ. ತಟ್ಟೆ ಎಂದರೆ ಬಿಳಿ ಬಣ್ಣ ಬಳಿದ ಊಟದ ತಟ್ಟೆ. ಅದನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟು ಎಲ್ಲಿ ಕಣ್ಣಿಗೆ ಮರೆಯಾಗುತ್ತದೆಂದು ನೋಡಿದರೆ ನೀರಿನ ತಿಳಿ ಎಷ್ಟೆಂದು ಗೊತ್ತಾಗುತ್ತದೆ. ಆ ಮಡುವಿನಲ್ಲಿ ತಟ್ಟೆ ಮೆಲ್ಲಮೆಲ್ಲನೆ ಮಸುಕಾಗುತ್ತಿರಲಿಲ್ಲ. ಒಂದು ಆಳದವರೆಗೆ ಬೆಳ್ಳಗೆ ಕಾಣುತ್ತಿದ್ದದ್ದು, ಯಾರೋ ಅಂಗೈ ಮುಚ್ಚಿದಂತೆ, ಒಮ್ಮೆಗೇ ಇಲ್ಲವಾಗುತ್ತಿತ್ತು.

ಇಲ್ಲಿಯೂ ನೀರು ಎರಡು ಎಂದು ಲತಾಮಣಿಯವರಿಗೆ ಅನ್ನಿಸಿತು. ಉಪ್ಪಿನಿಂದಲ್ಲ, ಬಿಸಿಲಿನಿಂದ. ಬಿಸಿಲಿಗೆ ಕಾದ ಮೇಲ್ನೀರು ಹಗುರವಾಗಿ ಮೇಲೇ ಉಳಿಯುತ್ತದೆ. ತಣ್ಣನೆಯ ಕೆಳನೀರು ಭಾರವಾಗಿ ಮಡುವಿನಲ್ಲಿ ಮಲಗಿರುತ್ತದೆ. ಮೇಲಿನಿಂದ ಬೀಳುವುದೆಲ್ಲ ಅಲ್ಲೇ ಕೊಳೆಯುತ್ತ ಕೆಳನೀರಿನ ಆಮ್ಲಜನಕವನ್ನು ತಿಂದು ಮುಗಿಸುತ್ತದೆ. ಆಮೇಲೆ ಅಲ್ಲಿ ಉಳಿಯುವುದು ಕೊಳೆತ ಮೊಟ್ಟೆಯ ವಾಸನೆಯ, ಗಂಧಕದ ವಿಷಗಾಳಿ.

ಊರಿನವರು ಇದನ್ನೇ ಬೇರೆ ಬಗೆಯಲ್ಲಿ ಹೇಳುತ್ತಿದ್ದರು. ಕೆರೆಯಲ್ಲಿ ಇಬ್ಬರು ದೇವತೆಯರು. ಅಕ್ಕ ಮೇಲಿರುವವಳು, ತಂಗಿ ಕೆಳಗಿರುವವಳು. ಅಕ್ಕನ ಗುಡಿ ಏರಿಯ ಮೇಲಿದೆ, ಬೆಳ್ಳಿಯ ಮುಖವಾಡವಿದೆ. ತಂಗಿಗೆ ಗುಡಿಯಿಲ್ಲ, ಮುಖವೂ ಇಲ್ಲ. ಅವಳು ತವರಿಗೆ ಬಂದ ಹೆಣ್ಣುಮಗಳು. ಮಳೆಗಾಲವೆಲ್ಲ ಕೆರೆಯಲ್ಲಿದ್ದು, ಕಾರ್ತಿಕದ ಕಡೆಯ ಸೋಮವಾರ ಗದ್ದೆಯೆಂಬ ಗಂಡನ ಮನೆಗೆ ಹೋಗಬೇಕು. ಆ ದಿನ ಹೆಂಗಸರು ಅಕ್ಕಿ, ಕಾಯಿ, ಬಳೆ, ವೀಳ್ಯದೆಲೆ, ಬೆಳ್ಳಿಯ ಕಾಲುಂಗುರಗಳನ್ನು ರವಿಕೆ ಕಣದಲ್ಲಿ ಕಟ್ಟಿ, ಕಲ್ಲಿನ ಭಾರ ಸೇರಿಸಿ, ತೂಬಿನ ತಳಗಂಡಿಯ ಬಾಯಿಗೆ ಇಳಿಬಿಡುತ್ತಿದ್ದರು. ಅದು ತಂಗಿಯ ಮಡಿಲಕ್ಕಿ. ತಳಗಂಡಿಯ ಬಿರಡೆ ಎತ್ತಿದರೆ ಮಡುವಿನ ಕಪ್ಪು ನೀರು ಗಂಟಿನ ಸಮೇತ ಏರಿಯಡಿಯ ಸುರಂಗದಲ್ಲಿ ನುಗ್ಗಿ ಗದ್ದೆಯ ಕಾಲುವೆಗೆ ಬೀಳುತ್ತಿತ್ತು. ಅಲ್ಲಿ ಕಾದಿದ್ದ ಹೆಂಗಸರು ಗಂಟನ್ನು ಎತ್ತಿಕೊಂಡು ಆರತಿ ಬೆಳಗಿ, ತಂಗಿ ತಲುಪಿದಳು ಎನ್ನುತ್ತಿದ್ದರು.

ಹಿಂದೊಂದು ಬರಗಾಲದಲ್ಲಿ ತಳಗಂಡಿ ಸೋರಿ ನೀರು ಪೋಲಾಗುತ್ತಿದೆಯೆಂದು ಊರಿನ ಕೆರೆ ಸಮಿತಿ ಅದಕ್ಕೆ ಸಿಮೆಂಟು ಹಾಕಿ ಮುಚ್ಚಿತು. ಮೇಲ್ಮಟ್ಟದಲ್ಲಿ ಹೊಸ ಬಾಗಿಲು ಇಡಿಸಿತು. ಸಮಿತಿಯ ಅಧ್ಯಕ್ಷರಾದ ಕೃಷ್ಣಪ್ಪಗೌಡರು ಒಳ್ಳೆಯ ಮನಸ್ಸಿನಿಂದಲೇ ಮಾಡಿಸಿದ ಕೆಲಸ ಅದು. ಮಡಿಲಕ್ಕಿಯನ್ನು ಮಾತ್ರ ಯಾರೂ ಬಿಡಲಿಲ್ಲ. ವರ್ಷವರ್ಷವೂ ಗಂಟು ಇಳಿಯುತ್ತಿತ್ತು. ಗದ್ದೆಯ ಕಡೆಯಿಂದ ಹೊರಗೆ ಬರುತ್ತಿರಲಿಲ್ಲ. ತಂಗಿಗೆ ತವರಿನ ಮೇಲೆ ಆಸೆ ಹೆಚ್ಚಾಗಿದೆ ಎಂದು ಹೆಂಗಸರು ಸಮಾಧಾನ ಮಾಡಿಕೊಂಡರು.

ಒಂದು ಡಿಸೆಂಬರಿನಲ್ಲಿ ಬಿಸಿಲು ಕಾಣದೆ ಮೋಡ ಕವಿದು, ಜಡಿಮಳೆ ಹಿಡಿದು, ಇಡೀ ಸೀಮೆಗೆ ಚಳಿ ಕೊರೆಯತೊಡಗಿತು. ಆ ಚಳಿಯಲ್ಲೇ ಒಂದು ಬೆಳಗ್ಗೆ ತೂಬಿನಹಳ್ಳಿಯ ಚಲುವಮ್ಮ ಅರಸೀಕೆರೆಗೆ ಬಂದು ಲತಾಮಣಿಯವರ ಮನೆಯ ಜಗುಲಿಯ ಮೇಲೆ ಕುಳಿತಳು. ಕೆರೆಯ ಮೀನಿನ ಗುತ್ತಿಗೆ ಹಿಡಿದಿದ್ದ ಉಗ್ರಪ್ಪನ ಹೆಂಡತಿ ಅವಳು. ಇವರಂತೆಯೇ ಬೌದ್ಧ ಮನೆತನದವಳು. ಕಾಫಿ ಕೊಟ್ಟರೆ ಮುಟ್ಟಲಿಲ್ಲ. ಕೆರೆ ಮಾತಾಡಿತು ಎಂದಳು.

ಹಿಂದಿನ ದಿನ ಬೆಳಕು ಹರಿಯುವಾಗ ಏರಿಯ ಮೇಲೆ ಹೋದವರಿಗೆ ಲೊಚಲೊಚ ಎಂಬ ಸದ್ದು ಕೇಳಿಸಿತಂತೆ. ಗಾಳಿಯಿರಲಿಲ್ಲ, ಅಲೆಯಿರಲಿಲ್ಲ. ಹತ್ತಿರ ಹೋಗಿ ನೋಡಿದರೆ ಕೆರೆಯ ಮೀನೆಲ್ಲ ಮೇಲೆ ಬಂದು, ಬಾಯಿಯನ್ನಷ್ಟೇ ನೀರಿನಾಚೆ ಇಟ್ಟು, ತೆರೆದು ಮುಚ್ಚಿ ಮಾಡುತ್ತಿದ್ದವು. ಎತ್ತ ನೋಡಿದರೂ ಬಾಯಿ. ಹೊತ್ತೇರುವ ವೇಳೆಗೆ ಸದ್ದು ನಿಂತಿತು. ನೀರಿನ ಮೇಲೆ ಬೆಳ್ಳನೆಯ ಹೊಟ್ಟೆಗಳು ತೇಲಿದವು. ದನಗಳು ದಡದವರೆಗೆ ಬಂದು ಮೂಸಿ ಹಿಂದಿರುಗಿದವು. ಗುಡಿಯ ಬಾಗಿಲು ತೆಗೆದರೆ ಅಕ್ಕನ ಬೆಳ್ಳಿಯ ಮುಖ ಕಾಡಿಗೆ ಬಳಿದಂತೆ ಕಪ್ಪಾಗಿತ್ತು.

"ನನ್ ಗಂಡ ಮದ್ದು ಹಾಕವ್ನೆ ಅಂತಾವ್ರೆ ಅಮ್ಮ. ಗುತ್ತಿಗೆ ಈ ತಿಂಗಳಿಗೆ ಮುಗೀತೈತೆ, ಇರೋಬರೋ ಮೀನೆಲ್ಲ ಒಂದೇ ಸಲ ಬಾಚ್ಕೊಳಾಕೆ ವಿಷ ಬುಟ್ಟ ಅಂತಾರೆ. ದೇವ್ರ ಮುಖವೇ ಕಪ್ಪಾಯ್ತು, ಇನ್ನೇನ್ ಸಾಕ್ಷಿ ಬೇಕು ಅಂತಾರೆ. ಸ್ವಾಮಾರ ಪೋಲೀಸಿಗೆ ಕೊಟ್ಟು ನಮ್ಮನ್ನ ಊರಿಂದ ಎಬ್ಬಿಸ್ತಾರಂತೆ. ಅವ್ನು ಮಾಡಿಲ್ಲ ಅಂತ ನೀವು ಒಂದ್ ಮಾತು ಬಂದು ಹೇಳಿ. ಓದಿರೋರು, ನಮ್ಮೋರು."

ಲತಾಮಣಿಯವರಿಗೆ ವಿಷಯ ಹೆಚ್ಚುಕಡಿಮೆ ಆಗಲೇ ತಿಳಿದಿತ್ತು. ಮೋಡದ ಚಳಿಗೆ ಮೇಲ್ನೀರು ತಣಿದು, ಭಾರವಾಗಿ ಕೆಳಗಿಳಿದು, ಕೆಳನೀರನ್ನು ಮೇಲಕ್ಕೆ ಮಗುಚಿರಬೇಕು. ಆದರೆ ನೋಡಿರಲಿಲ್ಲ. ಎದುರಿಗೆ ಕುಳಿತವಳ ಬದುಕು ಒಂದು ಮಾತಿಗೆ ಜೋತುಬಿದ್ದಿದ್ದಾಗಲೂ ಅವರಿಂದ ಆ ಮಾತು ಹೊರಡಲಿಲ್ಲ.

"ಚಲುವಮ್ಮ, ನನಗೆ ಗೊತ್ತಿಲ್ಲದ್ದನ್ನ ನಾನು ಹೇಳಲ್ಲ. ಬಂದು ನೋಡ್ತೀನಿ. ನೋಡಿದ್ದನ್ನ ಹೇಳ್ತೀನಿ. ಅದು ನಿನ್ನ ಗಂಡನಿಗೆ ವಿರೋಧವಾಗಿದ್ರೂ ಹೇಳ್ತೀನಿ."

"ಹಂಗಾರೆ ನೀವೂ ಅವ್ರಂಗೇ ಆದ್ರಲ್ಲಮ್ಮ" ಎಂದು ಚಲುವಮ್ಮ ಎದ್ದು ಹೊರಟಳು. ಭೀಮರಾಜ್ ಹೆಂಡತಿಯ ಮುಖ ನೋಡಿ, ಹಗ್ಗ ತರಲು ಒಳಗೆ ಹೋದರು.

ಸೋಮವಾರ ಏರಿಯ ಮೇಲೆ ಊರಿಗೆ ಊರೇ ನೆರೆದಿತ್ತು. ಸತ್ತ ಮೀನಿನ ನಾತದಲ್ಲಿ ಬೇರೊಂದು, ಹರಿತವಾದ ವಾಸನೆಯೂ ಬೆರೆತಿತ್ತು. ಉಗ್ರಪ್ಪ ಗುಡಿಯ ಕಟ್ಟೆಯ ಕೆಳಗೆ ಕೈಕಟ್ಟಿ ನಿಂತಿದ್ದ. ಕೃಷ್ಣಪ್ಪಗೌಡರು ಲತಾಮಣಿಯವರನ್ನು ಗೌರವದಿಂದಲೇ ಬರಮಾಡಿಕೊಂಡರು. ಅವರ ಮಗಳು ಹೇಮಾಶ್ರೀ ಇವರ ಶಿಷ್ಯೆ.

"ಬನ್ನಿ ಮೇಡಂ. ನಿಮ್ ಕಡೆಯೋನು ಅಂತ ಬಂದ್ರಾ, ಕೆರೆ ನೋಡಾಕೆ ಬಂದ್ರಾ?"

"ಕೆರೆ ನೋಡೋಕೆ ಗೌಡ್ರೇ. ನೀವೂ ಜೊತೆಗೆ ಬಂದು ನೋಡಬೇಕು."

ತೂಬಿನ ಮಡುವಿಗೆ ಹರಿಗೋಲಿನಲ್ಲೇ ಹೋಗಬೇಕು. ಅದನ್ನು ನಡೆಸಬಲ್ಲವನು ಉಗ್ರಪ್ಪನೊಬ್ಬನೇ. ಅವನು ಹುಟ್ಟು ಹಿಡಿದ. ಅವನ ಕೈ ಮೇಲೆ ಕಣ್ಣಿಟ್ಟು ಗೌಡರು ಎದುರಿಗೆ ಕುಳಿತರು. ಮಡಿಲಕ್ಕಿ ಕಟ್ಟುವ ಹಿರಿಯಳಾದ ಶಿವಗಂಗಮ್ಮ, ಕರೆಯದೆಯೇ, "ನನ್ ತಂಗಿ ವಿಚಾರ, ನಾನೂ ಬತ್ತೀನಿ" ಎಂದು ಹತ್ತಿ ಕುಳಿತಳು. ಭೀಮರಾಜ್ ದಡದಲ್ಲಿ ಉಳಿದರು. ಸತ್ತ ಮೀನುಗಳನ್ನು ಸರಿಸಿಕೊಂಡು ಹರಿಗೋಲು ಸಾಗಿತು. ಅವು ಹರಿಗೋಲಿನ ತೊಗಲಿಗೆ ಮೆತ್ತಗೆ ಬಡಿದು ಬಡಿದು ಹಿಂದೆ ಸರಿಯುತ್ತಿದ್ದವು.

ಲತಾಮಣಿಯವರು ಬೆಳ್ಳಿಯ ಒಡವೆಯೊಂದನ್ನು ಕೇಳಿದರು. ತಮ್ಮದನ್ನು ಇಳಿಸಿದರೆ ಏನೋ ಬಳಿದು ತಂದಿದ್ದಾರೆ ಎನ್ನುವ ಮಾತು ಬರುತ್ತದೆಂದು ಅವರಿಗೆ ಗೊತ್ತಿತ್ತು. "ಗೌಡ್ರೇ, ನಿಮ್ಮ ಉಡಿದಾರ ಬಿಚ್ಚಿಕೊಡಿ."

"ಏನು?"

"ಕೊಡಪ್ಪ ಕೃಷ್ಣ," ಎಂದಳು ಶಿವಗಂಗಮ್ಮ, "ಪಂಚೆ ಉದುರಿದ್ರೆ ನೋಡೋರು ಯಾರವ್ರೆ? ನಾನು ನಿನ್ನ ತೊಟ್ಟಿಲಲ್ಲೇ ನೋಡಿವ್ನಿ."

ಉಗ್ರಪ್ಪನ ತುಟಿಯೂ ಒಂದು ಕ್ಷಣ ಅಲುಗಿತು. ಗೌಡರು ಒಂದು ಕೈಯಲ್ಲಿ ಪಂಚೆ ಹಿಡಿದುಕೊಂಡು ಉಡಿದಾರ ಬಿಚ್ಚಿಕೊಟ್ಟರು. ಅದನ್ನು ಹಗ್ಗದ ತುದಿಗೆ ಕಟ್ಟಿ ಮೊದಲು ಮೇಲ್ನೀರಿನಲ್ಲಿ ಇಳಿಬಿಟ್ಟು ಎತ್ತಿದರು. ಬೆಳ್ಳಿ ಬೆಳ್ಳಿಯಾಗಿಯೇ ಇತ್ತು. ಆಮೇಲೆ ಮಡುವಿನ ತಳಕ್ಕೆ ಬಿಟ್ಟು ಕಾದರು. ಹಗ್ಗ ಮೇಲೆ ಬಂದಾಗ ಅದರ ತುದಿಯಲ್ಲಿ ಇದ್ದದ್ದು ಕಬ್ಬಿಣದ ಸರಪಳಿಯಂತಿದ್ದ ಒಂದು ಕಪ್ಪು ಸರ. ಕೊಳೆತ ಮೊಟ್ಟೆಯ ನಾತಕ್ಕೆ ಗೌಡರು ಟವಲಿನಿಂದ ಮೂಗು ಮುಚ್ಚಿಕೊಂಡರು.

"ಪೂರ್ತಿ ಮಗುಚಿಲ್ಲ, ಅರ್ಧ ಮಾತ್ರ ಮಗುಚಿದೆ" ಎಂದರು ಲತಾಮಣಿಯವರು. "ಮಿಕ್ಕಿದ್ದು ಇನ್ನೂ ಕೆಳಗಿದೆ. ಅಕ್ಕನ ಮುಖ ಕಪ್ಪಾಗಿದ್ದು ಈ ಗಾಳಿಗೇ."

ಕೃಷ್ಣಪ್ಪಗೌಡರು ದಡ್ಡರಲ್ಲ. "ಆಗ್ಲಿ ಮೇಡಂ. ಇವನು ಹಾಕಿದ್ ಮದ್ದೇ ತಳಕ್ಕಿಳಿದು ಕುಂತೈತೆ ಅಂತೀನಿ ನಾನು. ಇಲ್ಲ ಅನ್ನಾಕೆ ನಿಮ್ ಹತ್ರ ಏನೈತೆ?"

ಒಪ್ಪಲೇಬೇಕಾದ ಪ್ರಶ್ನೆ. ಲತಾಮಣಿಯವರು ತೂಬಿನ ಬುಡದ ನೀರಿನ ಕಡೆ ನೋಡಿದರು. ಉಗ್ರಪ್ಪ ಹುಟ್ಟು ಆಡಿಸುವುದನ್ನು ನಿಲ್ಲಿಸಿದ್ದ. ಈ ಹೆಂಗಸಿನ ಬಾಯಿಂದ ಮುಂದೆ ಬರುವ ಮಾತಿನ ಮೇಲೇ ತನ್ನ ಮನೆ ಉಳಿಯುವುದು ನಿಂತಿದೆ ಎಂಬುದು ಅವನಿಗೆ ಗೊತ್ತಿತ್ತು. ಲತಾಮಣಿಯವರು ಶಿವಗಂಗಮ್ಮನ ಕಡೆ ತಿರುಗಿ ಕೇಳಿದರು:

"ಅಜ್ಜಿ, ತಳಗಂಡಿ ಮುಚ್ಚಿದ ಮೇಲೆ ಮಡಿಲಕ್ಕಿ ಗಂಟುಗಳೆಲ್ಲ ಎಲ್ಲಿಗೆ ಹೋದವು?"

ಶಿವಗಂಗಮ್ಮ ಮಡುವಿನ ಕಡೆ ಬಗ್ಗಿ ನೋಡಿದಳು. ಅಷ್ಟು ವರ್ಷ ಯಾರೂ ಕೇಳದಿದ್ದ ಪ್ರಶ್ನೆ ಅದು.

ಬಾವಿಗೆ ಬಿದ್ದ ಕೊಡ ಎತ್ತುವ ಪಾತಾಳಗರಡಿಯನ್ನು ದಡದಿಂದ ತರಿಸಿದರು. ಕೊಕ್ಕೆಗಳ ಆ ಗೊಂಚಲನ್ನು ತೂಬಿನ ಮುಂದೆ ಇಳಿಬಿಟ್ಟು ಉಗ್ರಪ್ಪ ಮೆಲ್ಲಗೆ ಆಡಿಸಿದ. ಮೊದಲ ಸಲವೇ ಸಿಕ್ಕಿತು. ಭಾರವಾಗಿ, ಹಟ ಮಾಡುತ್ತ ಮೇಲೆ ಬಂದದ್ದು ಒಂದು ಗಂಟು. ಮತ್ತೆ ಬಿಟ್ಟರೆ ಇನ್ನೊಂದು. ಮುಚ್ಚಿದ ಗಂಡಿಯ ಮುಂದೆ, ಬಾಗಿಲು ತೆಗೆಯಲೆಂದು ಕಾದು ಕುಳಿತವರಂತೆ, ಅವು ಒಂದರ ಮೇಲೊಂದು ಒತ್ತಿಕೊಂಡಿದ್ದವು. ಎಲ್ಲವೂ ಇದ್ದಿಲಿನಷ್ಟು ಕಪ್ಪು. ಯಾವುದೂ ಕೊಳೆತಿರಲಿಲ್ಲ.

"ನೀವೇ ಬಿಚ್ಚಿ ಅಜ್ಜಿ" ಎಂದು ಲತಾಮಣಿಯವರು ಕೈ ಹಿಂದಕ್ಕೆ ತೆಗೆದುಕೊಂಡರು. ಹಗರೆಯ ತಮ್ಮ ಅಜ್ಜಿ ನೀರು ಮುಟ್ಟದೆ ಏರಿಯ ಮೇಲೆ ನಿಂತದ್ದು ಆ ಗಳಿಗೆಯಲ್ಲಿ ಅವರ ನೆನಪಿಗೆ ಬಂದಿರಬಹುದು.

"ನಾನೂ ಮುಟ್ತೀನಿ, ನೀನೂ ಮುಟ್ಟು ಮಗಳೇ. ಇದು ಇಬ್ಬರೂ ಸೇರಿ ಬಿಚ್ಚೋ ಗಂಟು" ಎಂದಳು ಮುದುಕಿ.

ರವಿಕೆ ಕಣದ ನೇಯ್ಗೆ ಹಾಗೇ ಇತ್ತು. ಅಕ್ಕಿ ಕಪ್ಪಾಗಿ ಮುದ್ದೆಗಟ್ಟಿತ್ತು, ಕಾಳಿನ ಆಕಾರ ಕೆಟ್ಟಿರಲಿಲ್ಲ. ವೀಳ್ಯದೆಲೆಯ ನರಗಳನ್ನು ಎಣಿಸಬಹುದಿತ್ತು. ಶಿವಗಂಗಮ್ಮ ಎಲೆಯನ್ನು ಅಂಗೈ ಮೇಲೆ ಹರಡಿಕೊಂಡು ಗಂಟಿನ ಬಟ್ಟೆಯನ್ನು ದಿಟ್ಟಿಸಿದಳು. "ಕೃಷ್ಣ, ಇದು ನಿಮ್ ಹೇಮಾಶ್ರೀ ಮದ್ವೆ ವರ್ಸದ್ದು ಕಣಪ್ಪ. ಅವ್ಳ ಸೀರೆ ಜೊತೆ ತಂದ ರವಿಕೆ ಕಣ. ನಿನ್ ಹೆಂಡ್ತಿನೇ ಕೊಟ್ಳು, ನಾನೇ ಕಟ್ಟಿದೆ."

ಹೇಮಾಶ್ರೀಗೆ ಆಗಲೇ ಶಾಲೆಗೆ ಹೋಗುವ ಮಗುವಿತ್ತು.

"ಗಾಳಿಯಾಡೋ ನೀರಲ್ಲಿ ವೀಳ್ಯದೆಲೆ ತಿಂಗಳೂ ಬಾಳಲ್ಲ ಗೌಡ್ರೇ" ಎಂದರು ಲತಾಮಣಿಯವರು. "ಇದು ಇಷ್ಟು ವರ್ಷ ಉಳಿದಿದೆ ಅಂದ್ರೆ, ಅಷ್ಟು ವರ್ಷದಿಂದಲೂ ಈ ತಳದಲ್ಲಿ ಉಸಿರಿಲ್ಲ. ಹೋದ ವಾರ ಯಾರೋ ಹಾಕಿದ ಮದ್ದು ಹಳೇ ಎಲೇನ ಕಾಯೋಕೆ ಆಗಲ್ಲ. ಈ ನೀರು ಹೊರಗೆ ಹೋಗೋ ದಾರಿ ಗಂಡಿ ಒಂದೇ ಆಗಿತ್ತು. ಅದು ಮುಚ್ಚಿದ ಮೇಲೆ ಮೇಲಕ್ಕೆ ಬಂತು."

ಹರಿಗೋಲು ತನ್ನಷ್ಟಕ್ಕೆ ನಿಧಾನವಾಗಿ ತಿರುಗುತ್ತಿತ್ತು. ಗೌಡರು ಕಪ್ಪು ಉಡಿದಾರವನ್ನು ಕೈಯಲ್ಲಿ ಹಿಡಿದು ಕುಳಿತಿದ್ದರು. ಶಿವಗಂಗಮ್ಮ ಮಾತ್ರ ಅಳುತ್ತಿದ್ದಳು. "ಮಡಿಲು ತುಂಬಿ ಕದ ಹಾಕ್ಕೊಂಡ್ಬುಟ್ವಲ್ಲೋ ಕೃಷ್ಣ. ಹೋಗು ಅಂತ ಮಡಿಲಕ್ಕಿ ಕೊಟ್ಟು, ಹೋಗೋ ಬಾಗ್ಲಿಗೆ ಸಿಮೆಂಟು ಮೆತ್ತಿದ್ವಲ್ಲ. ಯಾವ ಹೆಣ್ಮಗು ಸುಮ್ಕಿದ್ದಾಳು?"

ಕೊನೆಯದಾಗಿ ಬಂದ ಗಂಟನ್ನು ಅವಳು ಬಿಚ್ಚಲಿಲ್ಲ. ತಿರುಗಿಸಿ ತಿರುಗಿಸಿ ನೋಡಿ ಹರಿಗೋಲಿನ ಅಂಚಿನಲ್ಲಿ ದೂರ ಇಟ್ಟಳು. ಬಟ್ಟೆ ಒರಟು ನೇಯ್ಗೆಯದು. ಕಟ್ಟಿದ ಗಂಟು ಎಡಕ್ಕೆ ಸುತ್ತಿತ್ತು. "ಇದು ನಮ್ ಕೈಯಿನದಲ್ಲ. ನಮ್ಮೂರಾಗೆ ಹಿಂಗೆ ಕಟ್ಟೋರು ಯಾರೂ ಇಲ್ಲ, ನನ್ ಅತ್ತೆನೂ ಹಿಂಗೆ ಕಟ್ತಿರ್ಲಿಲ್ಲ." ಯಾರದು ಎಂದು ಗೌಡರು ಲತಾಮಣಿಯವರನ್ನು ಕೇಳಿದರು. ಅವರು, ಗೊತ್ತಿಲ್ಲ ಎಂದರು. ಮುದುಕಿ ಅದನ್ನು ಇದ್ದಲ್ಲಿಗೇ ಇಳಿಬಿಟ್ಟಳು. ಅದು ಮುಳುಗುವಾಗ, ಆ ಬಿಳಿಯ ತಟ್ಟೆಯಂತೆಯೇ, ಒಂದು ಆಳದವರೆಗೆ ಕಂಡು ಒಮ್ಮೆಗೇ ಕಾಣದಾಯಿತು.

ದಡಕ್ಕೆ ಬಂದ ಮೇಲೆ ಕೃಷ್ಣಪ್ಪಗೌಡರು ಕ್ಷಮೆ ಕೇಳಲಿಲ್ಲ, ಭಾಷಣವನ್ನೂ ಮಾಡಲಿಲ್ಲ. ಎಲ್ಲರ ಎದುರಿನಲ್ಲಿ ಆ ಕಪ್ಪು ಉಡಿದಾರವನ್ನು ಹಾಗೆಯೇ ಸೊಂಟಕ್ಕೆ ಕಟ್ಟಿಕೊಂಡು, "ಏನ್ಲಾ ಉಗ್ರ, ಸತ್ತ ಮೀನು ಬಾಚಾಕೆ ಎಷ್ಟು ಆಳು ಬೇಕು, ಹೇಳು, ಕಳಿಸ್ತೀನಿ" ಎಂದರು. ಅಷ್ಟರಿಂದಲೇ ಊರಿಗೆ ಅರ್ಥವಾಯಿತು. ಚಲುವಮ್ಮ ಲತಾಮಣಿಯವರ ಹತ್ತಿರ ಬಂದು ನಿಂತಳು. ಅವರ ಸೀರೆಯ ಸೆರಗಿಗೆ ಹತ್ತಿದ್ದ ಕೆಸರನ್ನು ತನ್ನ ಸೆರಗಿನಿಂದ ಒರೆಸಿದಳು.

ಮತ್ತೆ ಮೋಡ ಕವಿದ ದಿನ ಮಿಕ್ಕ ಅರ್ಧವೂ ಮೇಲೆ ಬಂತು. ಮೊದಲೇ ಎಚ್ಚರಿಸಿದ್ದರಿಂದ ದನಗಳನ್ನು ಕೆರೆಗೆ ಬಿಡಲಿಲ್ಲ. ಕಿಟಕಿ ಮುಚ್ಚಿಕೊಂಡು ಊರು ಆ ಲೊಚಲೊಚ ಸದ್ದನ್ನು ಕೇಳಿಸಿ‌ಕೊಂಡಿತು. ಈ ಸಲ ಅದು ಬೇಗ ನಿಂತಿತು, ಸಾಯುವ ಮೀನು ಹೆಚ್ಚು ಉಳಿದಿರಲಿಲ್ಲ. ಬೇಸಿಗೆಯಲ್ಲಿ ನೀರು ಇಳಿದಾಗ ಗೌಡರು ತಾವೇ ನಿಂತು ಸಿಮೆಂಟು ಒಡೆಸಿದರು.

ಮರುವರ್ಷದ ಕಾರ್ತಿಕದಲ್ಲಿ ಹೊಸ ಬಿರಡೆ ಎತ್ತುವಾಗ ಲತಾಮಣಿಯವರು ಹರಿಗೋಲಿನಲ್ಲಿದ್ದರು. ತಳದ ನೀರು ಎಷ್ಟು ವೇಗವಾಗಿ ಹೊರಡುತ್ತದೆಂದು ತಿಳಿಯಲು ಭಾರ ಕಟ್ಟಿದ ಹಗ್ಗ ಹಿಡಿದಿದ್ದರು. ಮೇಲ್ನೀರು ಕದಲಲಿಲ್ಲ, ಒಂದು ಎಲೆಯೂ ಜಾಗ ಬಿಡಲಿಲ್ಲ. ಹಗ್ಗ ಮಾತ್ರ ಓರೆಯಾಯಿತು. ಅಳಿವೆಯಲ್ಲಿ ಜಗ್ಗಿದ್ದ ಅದೇ ಕೈ ಇಲ್ಲಿಯೂ ಜಗ್ಗಿತು. ಈ ಸಲ ಅವರು ಬೆಚ್ಚಲಿಲ್ಲ. ಏರಿಯಾಚೆ ಕಪ್ಪು ನೀರು ಕಾಲುವೆಗೆ ಬಿದ್ದು, ಬಿಸಿಲು ಗಾಳಿ ಸೋಕುತ್ತ ಗದ್ದೆಗಳ ಕಡೆಗೆ ಹರಿಯಿತು. ಆ ನೀರು ಹರಿದ ಗದ್ದೆಗಳಿಗೆ ಆ ವರ್ಷ ಯೂರಿಯಾ ಕಡಿಮೆ ಸಾಕಾಯಿತೆಂದು ಗೌಡರು ಈಗಲೂ ಹೇಳುತ್ತಾರೆ. ಕೆರೆಯನ್ನು ಕೊಂದದ್ದೇ ಭತ್ತವನ್ನು ಬೆಳೆಸಿತು. ಹೊಸ ಗುತ್ತಿಗೆ ಉಗ್ರಪ್ಪನಿಗೇ ಸಿಕ್ಕಿತು.

ಗದ್ದೆಯ ಕಡೆ ಕಾದಿದ್ದ ಹೆಂಗಸರ ಕೈಗೆ ಆ ದಿನ ಎರಡು ಗಂಟು ಸಿಕ್ಕವು. ಕಟ್ಟಿ ಬಿಟ್ಟಿದ್ದು ಒಂದು. ಎರಡನೆಯದು ಎಡಕ್ಕೆ ಸುತ್ತಿದ ಆ ಗಂಟೇ ಇರಬೇಕೆಂದು ಎಲ್ಲರೂ ಅಂದುಕೊಂಡರು. ಶಿವಗಂಗಮ್ಮ ಕೈಗೆತ್ತಿಕೊಂಡು ನೋಡಿದರೆ ಬಟ್ಟೆ ಅದೇ ಒರಟು ನೇಯ್ಗೆಯದು. ಗಂಟು ಮಾತ್ರ ಬಿಚ್ಚಿತ್ತು, ಒಳಗೆ ಏನೂ ಇರಲಿಲ್ಲ. ತಂಗಿ ತನ್ನದನ್ನು ತಾನು ತೆಗೆದುಕೊಂಡು ಹೋದಳು ಎಂದರು ಹೆಂಗಸರು. ಸುರಂಗದ ಕಲ್ಲಿಗೆ ಉಜ್ಜಿ ಬಿಚ್ಚಿಕೊಂಡಿರಬಹುದಲ್ಲವೇ ಎಂದು ಭೀಮರಾಜ್ ಕೇಳಿದಾಗ ಲತಾಮಣಿಯವರು, "ಇರಬಹುದು. ನಾನು ನೋಡಿಲ್ಲ" ಎಂದರು. ಆ ಕೆರೆಯ ಬಗ್ಗೆ ಅವರು ಆಮೇಲೆ ಬರೆದ ಪ್ರಬಂಧವನ್ನು ಈ ವಿಷಯದ ವಿದ್ವಾಂಸರು ಮೆಚ್ಚಿದ್ದಾರೆ. ಆ ಗಂಟಿನ ಮಾತು ಅದರಲ್ಲಿ ಇಲ್ಲ. ಕೇಳಿದವರಿಗೆ ಅವರು ಅದನ್ನು ಮುಚ್ಚಿಡುವುದೂ ಇಲ್ಲ. ಗೊತ್ತಿಲ್ಲ ಎನ್ನುವ ಅರ್ಧ ಅಂಕವನ್ನು ತಮಗೂ ಉಳಿಸಿಕೊಂಡಿದ್ದಾರೆ.

ಅಲ್ಲಿಂದೀಚೆಗೆ ಅವರು ಹಳೇಬೀಡು, ಬೇಲೂರು, ಜಾವಗಲ್ ಸುತ್ತಿನ ಎಷ್ಟೋ ಕೆರೆಗಳ ತಳಗಂಡಿಗಳನ್ನು ಹುಡುಕಿಕೊಂಡು ಹೋದರು. ಅವರ ಶಿಷ್ಯರು ಇಂದಿಗೂ ಆ ಬಿಳಿಯ ತಟ್ಟೆಯನ್ನು ನೀರಿಗೆ ಇಳಿಬಿಡುತ್ತಿದ್ದಾರೆ.

ಕಳೆದ ವಾರ ಕಾಲೇಜಿನ ಬೀಳ್ಕೊಡುಗೆಯ ದಿನ ತೂಬಿನಹಳ್ಳಿಯಿಂದ ಹೆಂಗಸರು ಬಸ್ಸು ಹತ್ತಿ ಬಂದಿದ್ದರು. ಕಣ್ಣು ಮಂಜಾಗಿರುವ ಶಿವಗಂಗಮ್ಮನನ್ನು ಚಲುವಮ್ಮ ಕೈಹಿಡಿದು ವೇದಿಕೆಗೆ ಹತ್ತಿಸಿದಳು. ದೇವರಿಗೆ ಕೈಮುಗಿಯದ ಲತಾಮಣಿಯವರು, ಆ ಇಬ್ಬರು ಮಡಿಲು ತುಂಬುವಾಗ ತಲೆಬಾಗಿ ಸೆರಗು ಒಡ್ಡಿದರು. ಅಕ್ಕಿ, ಕಾಯಿ, ಬಳೆ, ವೀಳ್ಯದೆಲೆ. ಮುದುಕಿ ಮೈಕಿಗೆ ಬೆನ್ನು ಮಾಡಿ ಹೇಳಿದ ಮಾತು ಮುಂದಿನ ಸಾಲಿನವರಿಗಷ್ಟೇ ಕೇಳಿಸಿತು: "ಹೋಗು ಅಂತ ಕೊಡ್ತಿಲ್ಲ ಕಣವ್ವ. ಹೋಗಿ ಬಾ ಅಂತ ಕೊಡ್ತಿವ್ನಿ. ಕದ ತೆಗ್ದೇ ಐತೆ."

ಈ ಸಂಪುಟದ ಹಾರೈಕೆಯೂ ಅಷ್ಟೇ. ಲತಾಮಣಿಯವರಿಗೆ ದೀರ್ಘಾಯುಸ್ಸು ದೊರೆಯಲಿ, ಹಗ್ಗ ಹಿಡಿಯುವ ಕೈಗೆ ಬಲ ಉಳಿಯಲಿ, ಭೀಮರಾಜ್ ಅವರ ತಮಾಷೆಯೂ ಜೊತೆಗಿರಲಿ. ಪ್ರಯೋಗಾಲಯದ ಬೀಗದ ಕೈಯನ್ನು ಅವರು ಒಪ್ಪಿಸಿ ಹೋಗಿದ್ದಾರೆ. ಸೀರೆಗಳ ಬೀರು ಇರುವ ಆ ಕೋಣೆಯ ಬಾಗಿಲಿಗೆ, ಅವರು ಮತ್ತೆ ಬರಲೆಂದು, ಈಗ ಯಾರೂ ಬೀಗ ಹಾಕುತ್ತಿಲ್ಲ.